ವೇವ್, ಫ್ಲ್ಯಾಕ್, ಎಂಪಿ3, ಓಪಸ್: ಯಾವ ಧ್ವನಿಗೆ ಯಾವ ಫೈಲ್?

ಧ್ವನಿಮುದ್ರಣ ಮುಗಿಸಿ ಉಳಿಸಲು ಹೊರಟ ಕೂಡಲೇ ಕಂಪ್ಯೂಟರ್ ಸಾಲು ಸಾಲು ಪ್ರಶ್ನೆ ಕೇಳುತ್ತದೆ. ಯಾವ ಫಾರ್ಮ್ಯಾಟ್? 44,100 ಹರ್ಟ್ಸೋ, 48,000 ಹರ್ಟ್ಸೋ, 96,000 ಹರ್ಟ್ಸೋ? 16 ಬಿಟ್ಟೋ, 24 ಬಿಟ್ಟೋ? ಬಿಟ್‌ರೇಟ್ ಎಷ್ಟಿರಲಿ? ಹಲವರು ಅಲ್ಲಿ ಮೊದಲೇ ಆರಿಸಿಟ್ಟಿರುವುದನ್ನು ಒಪ್ಪಿ ಮುಂದೆ ಹೋಗುತ್ತಾರೆ. ಇನ್ನು ಕೆಲವರು ದೊಡ್ಡ ಸಂಖ್ಯೆಯೇ ಒಳ್ಳೆಯದಿರಬೇಕೆಂದು ಎಲ್ಲ ಕಡೆಯೂ ದೊಡ್ಡದನ್ನೇ ಒತ್ತುತ್ತಾರೆ. ಮೊದಲ ದಾರಿಯಲ್ಲಿ ಮತ್ತೆಂದೂ ಸಿಗದ ಧ್ವನಿಯ ಒಂದು ಭಾಗ ಕೈತಪ್ಪಿ ಹೋಗಬಹುದು. ಎರಡನೆಯದರಲ್ಲಿ ಯಾರ ಕಿವಿಗೂ ಕೇಳದ ವಿವರಗಳಿಂದ ಡಿಸ್ಕ್ ತುಂಬುತ್ತದೆ.

'ಯಾವುದು ಅತ್ಯುತ್ತಮ' ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಈ ಧ್ವನಿ ಈಗ ಯಾವ ಹಂತದಲ್ಲಿದೆ ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ. ಮುದ್ರಿಸಿಕೊಳ್ಳುತ್ತಿದ್ದೀರಾ, ತಿದ್ದುತ್ತಿದ್ದೀರಾ, ಕಾಪಿಡುತ್ತಿದ್ದೀರಾ, ಅಥವಾ ಯಾರಿಗಾದರೂ ಕಳುಹಿಸುತ್ತಿದ್ದೀರಾ? ಒಂದೇ ಹಾಡಿಗೆ ಈ ನಾಲ್ಕು ಹಂತಗಳಲ್ಲಿ ನಾಲ್ಕು ಬೇರೆ ಉತ್ತರಗಳು ಸರಿಯಾಗಬಹುದು. ಡಿಜಿಟಲ್ ಧ್ವನಿಯಲ್ಲಿ ಒಮ್ಮೆ ಬಿಟ್ಟದ್ದು ಮರಳಿ ಬರುವುದಿಲ್ಲ. ಹಾಗಾಗಿ ಬಿಡುವ ಕೆಲಸವೆಲ್ಲ ಕೊನೆಯ ಹಂತದಲ್ಲಿ, ಒಂದೇ ಸಲ ಆಗಬೇಕು. ಮುಂದಿನ ಹೋಲಿಕೆಗಳೆಲ್ಲ ಈ ಮಾತಿನ ಮೇಲೆ ನಿಂತಿವೆ.

ಧ್ವನಿ ಸಂಖ್ಯೆಯಾಗುವ ಬಗೆ

ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಮೈಕ್ ಆ ಏರಿಳಿತವನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ. ಕಂಪ್ಯೂಟರಿನ ಅಥವಾ ರೆಕಾರ್ಡರಿನ ಒಳಗಿರುವ ಪರಿವರ್ತಕವು ಸಮಾನ ಅಂತರದ ಕ್ಷಣಗಳಲ್ಲಿ ಆ ವಿದ್ಯುತ್ತನ್ನು ಅಳೆದು, ಪ್ರತಿ ಅಳತೆಯನ್ನೂ ಒಂದು ಪೂರ್ಣಾಂಕವಾಗಿ ಬರೆದಿಡುತ್ತದೆ. ಪ್ರತಿಯೊಂದು ಅಳತೆಯೂ ಒಂದು ಸ್ಯಾಂಪಲ್; ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೆಂಬುದು ಸ್ಯಾಂಪಲ್ ರೇಟ್.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸೆಕೆಂಡಿಗೆ 440 ಬಾರಿ ಕಂಪಿಸುವ ಶುದ್ಧ ಸ್ವರವೊಂದಿದೆ. ಅದರ ಗರಿಷ್ಠ ಎತ್ತರ 10,000 ಎಂದಿಟ್ಟುಕೊಳ್ಳಿ. ಅದನ್ನು ಸೆಕೆಂಡಿಗೆ 44,100 ಸಲ ಅಳೆದರೆ ಮೊದಲ ಆರು ಸ್ಯಾಂಪಲ್‌ಗಳು ಹೀಗಿರುತ್ತವೆ: 0, 626, 1251, 1870, 2481, 3083. ಅಲೆಯ ಒಂದು ಸುತ್ತು ಮುಗಿಯುವ ಹೊತ್ತಿಗೆ ಇಂತಹ ಸುಮಾರು ನೂರು ಸಂಖ್ಯೆಗಳು ಸೇರುತ್ತವೆ. ಈ ಆರು ಸಂಖ್ಯೆಗಳನ್ನು ನೆನಪಿನಲ್ಲಿಡಿ, ಫ್ಲ್ಯಾಕ್ ಬಗ್ಗೆ ಹೇಳುವಾಗ ಮತ್ತೆ ಬೇಕಾಗುತ್ತವೆ.

ಹೀಗೆ ಅಳತೆಗಳನ್ನು ಸಾಲಾಗಿ ಬರೆದಿಡುವ ಕ್ರಮಕ್ಕೆ ಪಿಸಿಎಂ ಎಂದು ಹೆಸರು. ಬ್ರಿಟಿಷ್ ಎಂಜಿನಿಯರ್ ಅಲೆಕ್ ರೀವ್ಸ್ 1930ರ ದಶಕದ ಕೊನೆಯಲ್ಲಿ, ದೂರವಾಣಿ ಸಂಭಾಷಣೆಗಳನ್ನು ಗದ್ದಲವಿಲ್ಲದೆ ದೂರ ಸಾಗಿಸುವ ಉಪಾಯವಾಗಿ ಇದನ್ನು ರೂಪಿಸಿದರು. ಆಗಿನ ನಿರ್ವಾತ ಕೊಳವೆಗಳ ಕಾಲದಲ್ಲಿ ಅದನ್ನು ಅಗ್ಗವಾಗಿ ಕಟ್ಟುವುದು ಸಾಧ್ಯವಿರಲಿಲ್ಲ. ವಿಚಾರ ಮೊದಲು ಬಂತು, ಅದಕ್ಕೆ ತಕ್ಕ ಟ್ರಾನ್ಸಿಸ್ಟರ್ ಆಮೇಲೆ ಬಂತು. ಇಂದಿನ ಸಿ.ಡಿ., ವೇವ್ ಫೈಲ್, ಮೊಬೈಲಿನ ಧ್ವನಿಮುದ್ರಕ ಎಲ್ಲದರ ತಳದಲ್ಲಿರುವುದು ಇದೇ ಸಂಖ್ಯೆಗಳ ಸಾಲು.

ಗಾತ್ರದ ಲೆಕ್ಕ ನೇರ ಗುಣಾಕಾರ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ 16 ಬಿಟ್, ಎಡಬಲ ಎರಡು ಚಾನೆಲ್. ಒಟ್ಟು ಸೆಕೆಂಡಿಗೆ 14,11,200 ಬಿಟ್; ಇದೇ ಅದರ ಬಿಟ್‌ರೇಟ್. ನಿಮಿಷಕ್ಕೆ ಸುಮಾರು 10.6 ಮೆಗಾಬೈಟ್. 48,000 ಹರ್ಟ್ಸ್, 24 ಬಿಟ್ ಆದರೆ ನಿಮಿಷಕ್ಕೆ 17.3 ಮೆಗಾಬೈಟ್; 96,000 ಹರ್ಟ್ಸ್, 24 ಬಿಟ್ ಆದರೆ 34.6 ಮೆಗಾಬೈಟ್. ಮಾತನಾಡುವವರು ಒಬ್ಬರೇ, ಮೈಕ್ ಒಂದೇ ಎಂದಾದರೆ ಮೋನೊ ಆರಿಸಿ. ಒಂದೇ ಧ್ವನಿಯನ್ನು ಎರಡು ಚಾನೆಲ್‌ಗಳಲ್ಲಿ ನಕಲು ಮಾಡಿಡುವುದರಿಂದ ಪಿಸಿಎಂ ಫೈಲಿನ ಗಾತ್ರ ದುಪ್ಪಟ್ಟಾಗುವುದಷ್ಟೇ ಲಾಭ.

44,100, 48,000, 96,000: ಸ್ಯಾಂಪಲ್ ರೇಟ್ ಆಯ್ಕೆ

ಇಲ್ಲಿ ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕಬೇಕು. ಡಿಜಿಟಲ್ ಧ್ವನಿಯನ್ನು ಚಿತ್ರಿಸುವಾಗ ಮೆಟ್ಟಿಲುಗಳಂತಹ ಗೆರೆ ಎಳೆಯುವ ವಾಡಿಕೆಯಿದೆ. ಅದನ್ನು ನೋಡಿದವರಿಗೆ, ಸ್ಯಾಂಪಲ್‌ಗಳ ನಡುವಿನ ಧ್ವನಿ ಕಳೆದುಹೋಗುತ್ತದೆ, ಹೆಚ್ಚು ಸಲ ಅಳೆದಷ್ಟೂ ಅಲೆ ನುಣುಪಾಗುತ್ತದೆ ಎನ್ನಿಸುವುದು ಸಹಜ. ಆದರೆ ಅದು ನಿಜವಲ್ಲ. ಧ್ವನಿಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಪೂರ್ತಿಯಾಗಿ, ನಡುವಿನ ಬಿಂದುಗಳ ಸಮೇತ, ಮತ್ತೆ ಕಟ್ಟಬಹುದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದರ ಬುನಾದಿ ಹಾಕಿದರು. ವ್ಲಾದಿಮಿರ್ ಕೊಟೆಲ್ನಿಕೊವ್ 1933ರಲ್ಲಿ, ಕ್ಲಾಡ್ ಶ್ಯಾನನ್ 1949ರಲ್ಲಿ ಇದನ್ನು ಪ್ರಮೇಯವಾಗಿ ಮಂಡಿಸಿದರು. ಸ್ಪೀಕರಿಗೆ ಹೋಗುವ ವಿದ್ಯುತ್ತಿನಲ್ಲಿ ಮೆಟ್ಟಿಲುಗಳಿರುವುದಿಲ್ಲ. ಪರಿವರ್ತಕದಲ್ಲಿರುವ ಫಿಲ್ಟರ್ ಆ ಬಿಂದುಗಳ ಮೂಲಕ ಹಾದುಹೋಗಬಹುದಾದ ಒಂದೇ ಒಂದು ನಯವಾದ ಅಲೆಯನ್ನು ಹೊರಡಿಸುತ್ತದೆ.

ಎಳೆಯ, ಆರೋಗ್ಯವಂತ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್. ವಯಸ್ಸಾದಂತೆ ಅದು ಇಳಿಯುತ್ತಲೇ ಹೋಗುತ್ತದೆ. ಅಂದರೆ ಕೇಳುವ ಧ್ವನಿಗೆ 40,000ಕ್ಕಿಂತ ತುಸು ಮೇಲಿದ್ದರೆ ಸಾಕು. ಆ 'ತುಸು' ಯಾಕೆ ಬೇಕೆಂದರೆ, ಮಿತಿಗಿಂತ ಮೇಲಿನ ಕಂಪನಗಳನ್ನು ಅಳೆಯುವ ಮೊದಲೇ ಫಿಲ್ಟರ್ ಮಾಡಿ ತೆಗೆಯಬೇಕು, ಫಿಲ್ಟರಿಗೆ ಒಂದಿಷ್ಟು ಜಾಗ ಬೇಕು. ತೆಗೆಯದಿದ್ದರೆ ಅವು ಸುಮ್ಮನೆ ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬೀಳುತ್ತವೆ. 44,100ರ ದರದಲ್ಲಿ ಅಳೆಯುವಾಗ ಕಿವಿಗೆ ಕೇಳದ 30,000 ಹರ್ಟ್ಸ್‌ನ ಸದ್ದೊಂದು ಒಳನುಸುಳಿದರೆ, ಅದು 14,100 ಹರ್ಟ್ಸ್‌ನ ಚುಚ್ಚುವ ಸದ್ದಾಗಿ ಕೇಳಿಸುತ್ತದೆ. ಆಮೇಲೆ ಅದನ್ನು ನಿಜವಾದ 14,100ರ ಸದ್ದಿನಿಂದ ಬೇರ್ಪಡಿಸಲು ದಾರಿಯೇ ಇಲ್ಲ.

44,100 ಎಂಬ ವಿಚಿತ್ರ ಸಂಖ್ಯೆಯ ಹಿಂದೆ ವಿಡಿಯೊ ಟೇಪಿದೆ. ಸಿ.ಡಿ. ರೂಪುಗೊಳ್ಳುವ ಹೊತ್ತಿನಲ್ಲಿ ಅಷ್ಟೊಂದು ಡಿಜಿಟಲ್ ಮಾಹಿತಿಯನ್ನು ಹಿಡಿಯಬಲ್ಲ ಕೈಗೆಟುಕುವ ಸಾಧನವೆಂದರೆ ವಿಡಿಯೊ ರೆಕಾರ್ಡರ್. ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಸ್ಯಾಂಪಲ್ ಬರೆಯುತ್ತಿದ್ದರು. ಸೆಕೆಂಡಿಗೆ 60 ಫೀಲ್ಡ್ (ಅರ್ಧ ಚಿತ್ರ), ಒಂದೊಂದರಲ್ಲಿ ಬಳಕೆಗೆ ಸಿಗುವ 245 ಗೆರೆ, ಗೆರೆಗೆ 3: ಗುಣಿಸಿದರೆ 44,100. ಇನ್ನೊಂದು ವಿಡಿಯೊ ಪದ್ಧತಿಯ 50 ಫೀಲ್ಡ್, 294 ಗೆರೆ, ಗೆರೆಗೆ 3 ಎಂದರೂ ಅದೇ 44,100. ಎರಡೂ ಪದ್ಧತಿಗಳಿಗೆ ಹೊಂದಿದ್ದರಿಂದ ಅದೇ ಸಂಖ್ಯೆ ನಿಂತಿತು, 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯೊಂದಿಗೆ ಲೋಕವೆಲ್ಲ ಹರಡಿತು.

ಈಗ ಆಯ್ಕೆಗೆ ಬರೋಣ. ಹೊಸದಾಗಿ ಮುದ್ರಿಸಿಕೊಳ್ಳುವವರು 48,000 ಇಟ್ಟುಕೊಳ್ಳಲಿ ಎಂಬುದು ನನ್ನ ಸಲಹೆ. ವಿಡಿಯೊ ಕೆಲಸವೆಲ್ಲ ಇದರಲ್ಲೇ ನಡೆಯುತ್ತದೆ, ಓಪಸ್ ಒಳಗೆ ಬಳಸುವುದೂ ಇದನ್ನೇ. ಸಿ.ಡಿ. ಮಾಡುವುದೇ ಗುರಿಯಾಗಿದ್ದರೆ, ಅಥವಾ ಕೈಯಲ್ಲಿರುವ ಧ್ವನಿ ಈಗಾಗಲೇ 44,100ರಲ್ಲಿದ್ದರೆ, ಅಲ್ಲೇ ಬಿಡಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವುದನ್ನು ಇಂದಿನ ಸಾಫ್ಟ್‌ವೇರ್ ಚೆನ್ನಾಗಿಯೇ ಮಾಡುತ್ತದೆ. ಆದರೆ ಬದಲಿಸಿದ್ದರಿಂದ ಗುಣಮಟ್ಟವೇನೂ ಏರುವುದಿಲ್ಲ.

96,000 ಯಾರಿಗೆ? ಧ್ವನಿಯನ್ನು ಬಹಳ ನಿಧಾನಗೊಳಿಸಿ ಬಳಸುವ ಧ್ವನಿ ವಿನ್ಯಾಸಕಾರರಿಗೆ ಅದು ನಿಜಕ್ಕೂ ಬೇಕು. ಕಿವಿಗೆ ಕೇಳದಿದ್ದ ಮೇಲಿನ ಕಂಪನಗಳು ಅರ್ಧ ವೇಗದಲ್ಲಿ ಕೇಳುವ ಮಟ್ಟಕ್ಕೆ ಇಳಿಯುತ್ತವೆ. ಹಳೆಯ ಟೇಪುಗಳನ್ನು ಸಂಗ್ರಹಾಲಯಕ್ಕೆಂದು ಡಿಜಿಟಲ್ ಮಾಡುವವರೂ ಇದನ್ನೇ ಬಳಸುವುದು ವಾಡಿಕೆ. ಬಾವಲಿಗಳ ಕೂಗನ್ನು ಅಧ್ಯಯನ ಮಾಡುವವರಿಗೆ ಇದೂ ಸಾಲದು, ಇದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಬರಿಯ ಕೇಳುವ ಸಂಗೀತಕ್ಕೆ 96,000 ಬೇಕೆಂದು ನಾನು ಹೇಳಲಾರೆ. ಅದಕ್ಕಿಂತ, ಒಳ್ಳೆಯ ಮೈಕ್ ಇಡುವುದಕ್ಕೆ, ಕೋಣೆಯ ಪ್ರತಿಧ್ವನಿ ತಗ್ಗಿಸುವುದಕ್ಕೆ ಕೊಡುವ ಗಮನ ಸಾವಿರ ಪಾಲು ಹೆಚ್ಚು ಫಲ ಕೊಡುತ್ತದೆ.

ಇನ್ನೊಂದು ತುದಿಯಲ್ಲಿ 8,000 ಹರ್ಟ್ಸ್ ಇದೆ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಅದಕ್ಕೆ ಸೆಕೆಂಡಿಗೆ 8,000 ಅಳತೆ ಸಾಕಾಗಿತ್ತು. ಫೋನಿನಲ್ಲಿ 'ಸ' ಮತ್ತು 'ಫ' ಒಂದೇ ರೀತಿ ಕೇಳುವುದು ಇದರಿಂದಲೇ: ಆ ಎರಡನ್ನು ಬೇರ್ಪಡಿಸುವ ಶಕ್ತಿಯ ಹೆಚ್ಚಿನ ಭಾಗ 3,400ಕ್ಕಿಂತ ಮೇಲಿದೆ. ಮಾತನ್ನು ಬರಹವಾಗಿಸುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ 16,000 ಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಜಾಗ ತೀರಾ ಕಡಿಮೆಯಿದ್ದರೂ ಮಾತಿಗೆ ಅದಕ್ಕಿಂತ ಕೆಳಗೆ ಇಳಿಯಬೇಡಿ.

16, 24, 32: ಬಿಟ್‌ಗಳ ಆಯ್ಕೆ

ಸ್ಯಾಂಪಲ್ ರೇಟ್ ಎಷ್ಟು ಎತ್ತರದ ಸ್ವರ ಹಿಡಿಯಬಹುದೆಂದು ನಿರ್ಧರಿಸಿದರೆ, ಬಿಟ್‌ಗಳ ಸಂಖ್ಯೆ ಎಷ್ಟು ಮೆಲ್ಲಗಿನ ಸದ್ದನ್ನು ಗದ್ದಲದಿಂದ ಮೇಲೆತ್ತಿ ಹಿಡಿಯಬಹುದೆಂದು ನಿರ್ಧರಿಸುತ್ತದೆ. 16 ಬಿಟ್‌ನಲ್ಲಿ 65,536 ಮಟ್ಟಗಳಿವೆ, 24 ಬಿಟ್‌ನಲ್ಲಿ 1,67,77,216. ನಿಜವಾದ ಅಳತೆಯನ್ನು ಹತ್ತಿರದ ಮಟ್ಟಕ್ಕೆ ಸರಿಸಿ ಬರೆಯುವಾಗ ಉಳಿಯುವ ಸಣ್ಣ ವ್ಯತ್ಯಾಸವೇ ತಳದಲ್ಲಿ ಮೆಲ್ಲಗಿನ ಗದ್ದಲವಾಗುತ್ತದೆ. ಒಂದೊಂದು ಬಿಟ್ ಸೇರಿದಾಗಲೂ ಆ ಗದ್ದಲ ಸುಮಾರು 6 ಡೆಸಿಬೆಲ್ ಕೆಳಗಿಳಿಯುತ್ತದೆ. ಹಾಗಾಗಿ 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ಹರವು, 24 ಬಿಟ್‌ಗೆ ಲೆಕ್ಕದಲ್ಲಿ 144. ಲೆಕ್ಕದಲ್ಲಿ ಎಂದೆ, ಏಕೆಂದರೆ ಬಿಡಿಭಾಗಗಳದೇ ಗದ್ದಲವಿರುವುದರಿಂದ ಯಾವ ಪರಿವರ್ತಕವೂ ಅಷ್ಟು ಆಳಕ್ಕೆ ಇಳಿಯಲಾರದು.

ಕೇಳುವುದಕ್ಕೆ 96 ಡೆಸಿಬೆಲ್ ಧಾರಾಳವಾಯಿತು. ಹಾಗಿದ್ದರೂ ಮುದ್ರಿಸಿಕೊಳ್ಳುವಾಗ 24 ಬಿಟ್ಟೇ ಬೇಕೆಂದು ಒತ್ತಿ ಹೇಳುತ್ತೇನೆ. ಕಾರಣ ಇದು: ಹಾಡುವವರು ಯಾವಾಗ ಧ್ವನಿ ಏರಿಸುತ್ತಾರೆ, ಮಾತನಾಡುವವರು ಯಾವಾಗ ಗಹಗಹಿಸಿ ನಗುತ್ತಾರೆ ಎಂದು ಮೊದಲೇ ತಿಳಿಯುವುದಿಲ್ಲ. ಗರಿಷ್ಠ ಮಟ್ಟವನ್ನು ಮೀರಿದ ಕೂಡಲೇ ಅಲೆಯ ತಲೆ ಚಪ್ಪಟೆಯಾಗಿ ಧ್ವನಿ ಒಡೆಯುತ್ತದೆ, ಒಡೆದ ಧ್ವನಿಯನ್ನು ಪೂರ್ತಿ ಸರಿಪಡಿಸಲಾಗದು. ಆದ್ದರಿಂದ ಅತಿ ಜೋರಿನ ಭಾಗವೂ ಮೀಟರಿನಲ್ಲಿ (ಅಲ್ಲಿ ಗರಿಷ್ಠ ಮಟ್ಟವೇ 0) ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಉಳಿಯುವಂತೆ ಮಟ್ಟ ಇಡಬೇಕು. ಹೀಗೆ 12 ಡೆಸಿಬೆಲ್ ಬಿಟ್ಟುಕೊಟ್ಟರೆ ಎರಡು ಬಿಟ್ ಕಳೆದಂತೆ. 24ರಲ್ಲಿ ಎರಡು ಹೋದರೆ ಗೊತ್ತೇ ಆಗುವುದಿಲ್ಲ. 16ರಲ್ಲಿ ಎರಡು ಹೋಗಿ, ಆಮೇಲೆ ಪಿಸುಮಾತಿನ ಭಾಗವನ್ನು ಎತ್ತರಿಸಲು ಹೋದರೆ ತಳದ ಗದ್ದಲವೂ ಜೊತೆಗೇ ಎದ್ದು ಬರುತ್ತದೆ.

32 ಬಿಟ್ ಫ್ಲೋಟ್ ಎಂಬ ಮೂರನೆಯ ಆಯ್ಕೆಯೂ ಈಗ ಎಲ್ಲೆಡೆ ಕಾಣುತ್ತದೆ. ಇದು ಸಂಖ್ಯೆಯನ್ನು ದಶಮಾಂಶ ಸ್ಥಾನ ಸರಿಯಬಲ್ಲ ರೂಪದಲ್ಲಿ ಇಡುತ್ತದೆ. ಹಾಗಾಗಿ ತಿದ್ದುವಾಗ ಧ್ವನಿ ಗರಿಷ್ಠ ಮಟ್ಟವನ್ನು ಮೀರಿದರೂ ಸಂಖ್ಯೆ ಹಾಳಾಗುವುದಿಲ್ಲ, ಮತ್ತೆ ತಗ್ಗಿಸಿದರೆ ಅಲೆ ಹಾಗೆಯೇ ಸಿಗುತ್ತದೆ. ತಿದ್ದುವ ಹಂತಕ್ಕೆ ಇದು ಅತ್ಯುತ್ತಮ. ಮುದ್ರಿಸುವ ಹಂತದಲ್ಲಿ ಮಾತ್ರ ಎಚ್ಚರ ಬೇಕು. ಫೈಲಿನಲ್ಲಿ ಎಷ್ಟೇ ಜಾಗವಿದ್ದರೂ ಮೈಕ್ ಅಥವಾ ಪರಿವರ್ತಕವೇ ಒಡೆದ ಧ್ವನಿ ಕೊಟ್ಟರೆ ಫ್ಲೋಟ್ ಅದನ್ನು ಉಳಿಸಲಾರದು. ಎರಡು ಪರಿವರ್ತಕಗಳನ್ನು ಒಂದು ಜೋರಿಗೆ, ಒಂದು ಮೆಲುದನಿಗೆ ಎಂದು ಜೋಡಿಸಿರುವ ರೆಕಾರ್ಡರುಗಳಲ್ಲಿ ಇದರ ನಿಜವಾದ ಪ್ರಯೋಜನ ಸಿಗುತ್ತದೆ.

ಕೆಲಸವೆಲ್ಲ ಮುಗಿದ ಮೇಲೆ 16 ಬಿಟ್‌ಗೆ ಇಳಿಸುವುದಿದ್ದರೆ 'ಡಿದರ್' ಎಂಬ ಆಯ್ಕೆಯನ್ನು ಚಾಲೂ ಮಾಡಿ. ಅದು ಅತಿ ಸಣ್ಣ ಗದ್ದಲವನ್ನು ಬೇಕೆಂದೇ ಬೆರೆಸುತ್ತದೆ. ಆಗ ಮೆಲ್ಲಗೆ ಕರಗುವ ಸ್ವರದ ಕೊನೆಯಲ್ಲಿ ಕಿರಿಕಿರಿಯ ವಿಕೃತಿ ಬರುವ ಬದಲು, ಗಮನಕ್ಕೂ ಬಾರದ ಸಮನಾದ ಸುಯ್ಲು ಉಳಿಯುತ್ತದೆ. ಗದ್ದಲ ಸೇರಿಸಿ ಧ್ವನಿಯನ್ನು ಸ್ವಚ್ಛಗೊಳಿಸುವ ಈ ಉಪಾಯ ನನಗೆ ಡಿಜಿಟಲ್ ಧ್ವನಿಯ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು.

ಏನನ್ನೂ ಬಿಡದವು: ವೇವ್ ಮತ್ತು ಫ್ಲ್ಯಾಕ್

ವೇವ್ ಎಂದರೆ ಬಹುಮಟ್ಟಿಗೆ ಆ ಸಂಖ್ಯೆಗಳ ಸಾಲೇ, ಮುಂದೊಂದು ಸಣ್ಣ ಪೀಠಿಕೆ. ಮೈಕ್ರೊಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದ ಈ ರೂಪದಲ್ಲಿ ಮೊದಲ 44 ಬೈಟ್‌ಗಳು ಸಾಮಾನ್ಯವಾಗಿ ಎಷ್ಟು ಚಾನೆಲ್, ಯಾವ ಸ್ಯಾಂಪಲ್ ರೇಟ್, ಎಷ್ಟು ಬಿಟ್, ಒಟ್ಟು ಉದ್ದ ಎಷ್ಟು ಎಂದು ಹೇಳುತ್ತವೆ, ಉಳಿದದ್ದೆಲ್ಲ ಧ್ವನಿ. ಇಷ್ಟು ಸರಳವಾಗಿರುವುದೇ ಅದರ ಬಲ. ಯಾವ ಸಾಫ್ಟ್‌ವೇರ್ ಆದರೂ ತೆರೆಯುತ್ತದೆ, ತಿದ್ದುವಾಗ ಪ್ರೊಸೆಸರಿಗೆ ಶ್ರಮವಿಲ್ಲ. ಮುದ್ರಣದ ನಡುವೆ ವಿದ್ಯುತ್ ಹೋಗಿ ಪೀಠಿಕೆಯಲ್ಲಿ ಉದ್ದ ದಾಖಲಾಗದೆ ಉಳಿದರೂ ಗಾಬರಿ ಬೇಡ. ಆಡಾಸಿಟಿಯಂತಹ ಸಾಫ್ಟ್‌ವೇರಿನಲ್ಲಿ 'ಕಚ್ಚಾ ಡೇಟಾ' ಎಂದು ತೆರೆದು, ರೇಟ್ ಮತ್ತು ಬಿಟ್ ನೀವೇ ತಿಳಿಸಿದರೆ ಡಿಸ್ಕಿಗೆ ಬರೆದಷ್ಟು ಧ್ವನಿ ಸಿಗುತ್ತದೆ.

ಅದರ ದೌರ್ಬಲ್ಯವೂ ಆ ಪೀಠಿಕೆಯಲ್ಲೇ ಇದೆ. ಉದ್ದ ಬರೆಯಲು 32 ಬಿಟ್ ಮಾತ್ರ ಇರುವುದರಿಂದ ಫೈಲ್ 4 ಗಿಗಾಬೈಟ್ ದಾಟುವಂತಿಲ್ಲ. 48,000 ಹರ್ಟ್ಸ್, 24 ಬಿಟ್, ಎರಡು ಚಾನೆಲ್ ಎಂದರೆ ಸುಮಾರು 4 ಗಂಟೆ 8 ನಿಮಿಷ. 96,000 ಆದರೆ ಅದರ ಅರ್ಧ. ದಿನವಿಡೀ ನಡೆಯುವ ಕಾರ್ಯಕ್ರಮ ಮುದ್ರಿಸುವವರು ರೆಕಾರ್ಡರ್ ತಾನಾಗಿ ಹೊಸ ಫೈಲ್ ಆರಂಭಿಸುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ದೊಡ್ಡ ಗಾತ್ರಕ್ಕೆಂದೇ ಆರ್‌ಎಫ್64 ಎಂಬ ವಿಸ್ತೃತ ರೂಪವಿದೆ. ಆ್ಯಪಲ್ 1988ರಲ್ಲಿ ತಂದ ಎಐಎಫ್ಎಫ್ ಕೂಡ ವೇವ್‌ನಂತೆಯೇ. ಆಯ್ಕೆಯ ದೃಷ್ಟಿಯಿಂದ ಎರಡರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಫ್ಲ್ಯಾಕ್ ಬೇರೆಯೇ ಜಾಣ್ಮೆ. ಆ ಆರು ಸಂಖ್ಯೆಗಳಿಗೆ ಮರಳೋಣ: 0, 626, 1251, 1870, 2481, 3083. ಹಿಂದಿನ ಎರಡು ಸಂಖ್ಯೆಗಳನ್ನು ನೋಡಿ ಮುಂದಿನದನ್ನು ಊಹಿಸಬಹುದೇ? ಅಲೆ ಈಗ ಏರುತ್ತಿರುವ ದರದಲ್ಲೇ ಇನ್ನೊಂದು ಹೆಜ್ಜೆ ಏರುತ್ತದೆ ಎಂದಿಟ್ಟುಕೊಳ್ಳಿ. 0, 626 ಆದ ಮೇಲೆ ಊಹೆ 1252; ನಿಜವಾದದ್ದು 1251, ತಪ್ಪಿದ್ದು ಒಂದರಿಂದ. 626, 1251 ಆದ ಮೇಲೆ ಊಹೆ 1876, ನಿಜ 1870, ವ್ಯತ್ಯಾಸ 6. ಮುಂದಿನ ಎರಡರಲ್ಲಿ ವ್ಯತ್ಯಾಸ 8 ಮತ್ತು 9. ಈಗ 1251, 1870, 2481, 3083 ಎಂಬ ದೊಡ್ಡ ಸಂಖ್ಯೆಗಳ ಬದಲು ಊಹೆಯ ಸೂತ್ರವನ್ನೂ ಮೈನಸ್ 1, ಮೈನಸ್ 6, ಮೈನಸ್ 8, ಮೈನಸ್ 9 ಎಂಬ ಪುಟ್ಟ ತಪ್ಪುಗಳನ್ನೂ ಬರೆದಿಟ್ಟರೆ ಸಾಕು. 16 ಬಿಟ್ ಬೇಕಿದ್ದ ಕಡೆ ಐದೇ ಬಿಟ್ ಸಾಕಾಗುತ್ತದೆ. ತೆರೆಯುವಾಗ ಅದೇ ಸೂತ್ರದಿಂದ ಊಹಿಸಿ, ತಪ್ಪನ್ನು ಕೂಡಿಸಿದರೆ ಮೂಲ ಸಂಖ್ಯೆಗಳು ಚಾಚೂ ತಪ್ಪದೆ ಬರುತ್ತವೆ. ನಿಜವಾದ ಫ್ಲ್ಯಾಕ್ ಇನ್ನೂ ಹೆಚ್ಚು ಹಿಂದಿನ ಸಂಖ್ಯೆಗಳನ್ನು ನೋಡಿ ಇನ್ನೂ ಚೆನ್ನಾಗಿ ಊಹಿಸುತ್ತದೆ, ಎಡಬಲ ಚಾನೆಲ್‌ಗಳ ಹೋಲಿಕೆಯನ್ನೂ ಬಳಸಿಕೊಳ್ಳುತ್ತದೆ. ಸಂಗೀತದ ಫೈಲ್ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲರ ನಡುವಿನ ಗಾತ್ರಕ್ಕೆ ಇಳಿಯುತ್ತದೆ. ನಡುನಡುವೆ ಮೌನವಿರುವ ಮಾತು ಇನ್ನೂ ಚಿಕ್ಕದಾಗುತ್ತದೆ.

ಜಾಶ್ ಕೋಲ್ಸನ್ ಆರಂಭಿಸಿದ ಫ್ಲ್ಯಾಕ್‌ನ ಮೊದಲ ಪೂರ್ಣ ಆವೃತ್ತಿ 2001ರಲ್ಲಿ ಬಂತು. ಅದು ಎಲ್ಲರಿಗೂ ಮುಕ್ತ, 2024ರಲ್ಲಿ ಇಂಟರ್ನೆಟ್ಟಿನ ಮಾನಕಗಳನ್ನು ರೂಪಿಸುವ ಐಇಟಿಎಫ್ ಅದನ್ನು ಅಧಿಕೃತ ದಾಖಲೆಯಾಗಿಯೂ ಪ್ರಕಟಿಸಿತು. ಕಾಪಿಡುವ ಹಂತಕ್ಕೆ ನನ್ನ ಆಯ್ಕೆ ನಿಸ್ಸಂದೇಹವಾಗಿ ಇದೇ. ಫ್ಲ್ಯಾಕ್ ಕೇಳುವ 0ಯಿಂದ 8ರವರೆಗಿನ ಮಟ್ಟ ಗುಣಮಟ್ಟಕ್ಕೆ ಸಂಬಂಧಿಸಿದ್ದಲ್ಲ: 8 ಎಂದರೆ ಕುಗ್ಗಿಸಲು ಹೆಚ್ಚು ಸಮಯ, ಸ್ವಲ್ಪ ಚಿಕ್ಕ ಫೈಲ್, ಅಷ್ಟೇ, ಧ್ವನಿ ಎಲ್ಲದರಲ್ಲೂ ಒಂದೇ. ಒಂದು ಮಿತಿಯಿದೆ. ಫ್ಲ್ಯಾಕ್ ಪೂರ್ಣಾಂಕಗಳನ್ನು ಮಾತ್ರ ಇಡುತ್ತದೆ, 32 ಬಿಟ್ ಫ್ಲೋಟ್ ಇಡಲಾರದು. ಫ್ಲೋಟ್‌ನಲ್ಲೇ ಉಳಿಸಬೇಕಾದ ಕೆಲಸವನ್ನು ವೇವ್‌ನಲ್ಲಿ ಅಥವಾ ಫ್ಲೋಟನ್ನೂ ಕುಗ್ಗಿಸಿಡಬಲ್ಲ ವೇವ್‌ಪ್ಯಾಕ್‌ನಲ್ಲಿ ಇಡಿ. ಆ್ಯಪಲ್‌ನ ಸಾಧನಗಳಲ್ಲೇ ಸಂಗೀತ ಸಂಗ್ರಹ ಇಟ್ಟುಕೊಳ್ಳುವವರಿಗೆ ಎಎಲ್ಎಸಿ ಇದೇ ಕೆಲಸ ಮಾಡುತ್ತದೆ, ಒಂದರಿಂದ ಇನ್ನೊಂದಕ್ಕೆ ಯಾವಾಗ ಬದಲಿಸಿದರೂ ಏನೂ ನಷ್ಟವಿಲ್ಲ.

ಬಿಡುವವು: ಎಂಪಿ3, ಎಎಸಿ, ಓಪಸ್

ಇವು ಗಮನಿಸುವುದು ಕಿವಿಯನ್ನು. ಜೋರಾದ ಸ್ವರವೊಂದು ಮೊಳಗುತ್ತಿರುವಾಗ ಅದರ ಅಕ್ಕಪಕ್ಕದ ಕಂಪನಾಂಕದ ಮೆಲ್ಲಗಿನ ಸದ್ದು ನಮಗೆ ಕೇಳುವುದಿಲ್ಲ. ಜೋರಾದ ಪೆಟ್ಟಿನ ಹಿಂದೆಯೇ ಬಂದ ಸಣ್ಣ ಸದ್ದೂ ಒಂದು ಕ್ಷಣ ಮುಚ್ಚಿಹೋಗುತ್ತದೆ. ಕುಗ್ಗಿಸುವ ಸಾಫ್ಟ್‌ವೇರ್, ಅಂದರೆ ಎನ್‌ಕೋಡರ್, ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಮಾಡಿ, ಒಂದೊಂದನ್ನೂ ಕಂಪನಾಂಕಗಳಾಗಿ ಬಿಡಿಸಿ, ಯಾವುದು ಮುಚ್ಚಿಹೋಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಮುಚ್ಚಿಹೋಗುವ ಭಾಗಗಳನ್ನು ಒರಟಾಗಿ ಬರೆಯುತ್ತದೆ, ಇಲ್ಲವೇ ಬಿಟ್ಟೇಬಿಡುತ್ತದೆ. ಹೀಗೆ ಸೆಕೆಂಡಿಗೆ 1,411 ಕಿಲೊಬಿಟ್ ಇದ್ದದ್ದು 128ಕ್ಕೆ ಇಳಿದಾಗ ಫೈಲ್ ಹನ್ನೊಂದರಲ್ಲಿ ಒಂದು ಪಾಲಾಗುತ್ತದೆ.

ಲೆಕ್ಕ ತಪ್ಪುವುದು ತಟ್ಟನೆ ಹುಟ್ಟುವ ಸದ್ದಿನಲ್ಲಿ. ಚಪ್ಪಾಳೆ ಅಥವಾ ಮರದ ತಾಳದ ಪೆಟ್ಟು ತುಣುಕಿನ ನಡುವೆ ಬಿದ್ದರೆ, ಒರಟಾಗಿ ಬರೆದದ್ದರ ಗದ್ದಲ ಇಡೀ ತುಣುಕಿಗೆ ಹರಡಿ, ಪೆಟ್ಟಿಗೆ ಮುಂಚೆಯೇ ಒಂದು ಮಸುಕು ಸದ್ದಾಗಿ ಕೇಳುತ್ತದೆ. ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಜನಸಮೂಹದ ಕರತಾಡನ ನೀರು ಸುರಿದಂತೆ ಕೇಳುವುದು ಹೀಗೆ. ಹೋಲಿಸಿ ನೋಡುವವರು ಗಾಯನದ ತುಣುಕನ್ನು ಬಿಟ್ಟು ಚಪ್ಪಾಳೆಯನ್ನೇ ಆರಿಸಿಕೊಳ್ಳಲಿ, ಎನ್‌ಕೋಡರ್‌ಗಳ ನಡುವಿನ ವ್ಯತ್ಯಾಸ ಅಲ್ಲಿ ಬೇಗ ಬಯಲಾಗುತ್ತದೆ.

ಎಂಪಿ3 ಮೂವರಲ್ಲಿ ಹಿರಿಯ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರ ಕೆಲಸದಿಂದ ಬೆಳೆದು, 1990ರ ದಶಕದ ಆರಂಭದಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಪೇಟೆಂಟ್‌ಗಳು 2017ರ ಹೊತ್ತಿಗೆ ಮುಗಿದವು. ಈಗ ಅದನ್ನು ನುಡಿಸದ ಸಾಧನವೇ ಇಲ್ಲವೆನ್ನಬಹುದು. ಅದನ್ನು ಆರಿಸಲು ಇರುವ ಒಂದೇ ಗಟ್ಟಿ ಕಾರಣ ಅದು. ಎಲ್ಲಿ ನುಡಿಸುತ್ತಾರೋ ಗೊತ್ತಿಲ್ಲದವರಿಗೆ ಕಳುಹಿಸುವಾಗ ಎಂಪಿ3 ಕೊಡಿ. ಸಂಗೀತಕ್ಕೆ ಎಂಪಿ3 ಮಾಡುವ ಲೇಮ್ ಎಂಬ ಎನ್‌ಕೋಡರಿನ ಬದಲಾಗುವ ಬಿಟ್‌ರೇಟನ್ನು ಸರಾಸರಿ 190ರಿಂದ 250 ಕಿಲೊಬಿಟ್ ಬರುವಂತೆ ಇಟ್ಟರೆ ಚೆನ್ನ. ಸರಳ ಭಾಗಕ್ಕೆ ಕಡಿಮೆ, ಕಷ್ಟದ ಭಾಗಕ್ಕೆ ಹೆಚ್ಚು ಬಿಟ್ ಸಿಗುತ್ತದೆ.

1997ರಲ್ಲಿ ಮಾನಕವಾದ ಎಎಸಿ ಅದೇ ತತ್ವವನ್ನು ಇನ್ನಷ್ಟು ಚೊಕ್ಕಟವಾಗಿ ಮಾಡುತ್ತದೆ. ಸಮಾನ ಗುಣಮಟ್ಟಕ್ಕೆ ಎಂಪಿ3ಗಿಂತ ಕಡಿಮೆ ಬಿಟ್ ಸಾಕು. ವಿಡಿಯೊ ಜೊತೆಗೆ ಹೋಗುವ ಧ್ವನಿಗೆ ಇದೇ ರೂಢಿಯ ಆಯ್ಕೆ.

ಓಪಸ್ ಬಗ್ಗೆ ನನಗೆ ವಿಶೇಷ ಮೆಚ್ಚುಗೆಯಿದೆ. ಸ್ಕೈಪ್‌ನ ಮಾತಿಗೆಂದು ಮಾಡಿದ ಸಿಲ್ಕ್ ಮತ್ತು ಝಿಫ್ ಪ್ರತಿಷ್ಠಾನದ ಸಂಗೀತಕ್ಕೊದಗುವ ಸೆಲ್ಟ್, ಎರಡನ್ನೂ ಬೆಸೆದು 2012ರಲ್ಲಿ ಐಇಟಿಎಫ್ ಇದನ್ನು ಪ್ರಕಟಿಸಿತು. 6 ಕಿಲೊಬಿಟ್‌ನಿಂದ 510 ಕಿಲೊಬಿಟ್‌ವರೆಗೆ ಹಿಗ್ಗಬಲ್ಲದು, ಮಾತು ಮುಗಿದು ಸಂಗೀತ ಶುರುವಾದರೆ ತಾನೇ ವಿಧಾನ ಬದಲಿಸಿಕೊಳ್ಳುತ್ತದೆ. ಒಬ್ಬರ ಮಾತಿಗೆ 24ರಿಂದ 32 ಕಿಲೊಬಿಟ್‌ನಲ್ಲಿ ಅದು ಕೊಡುವ ಸ್ಪಷ್ಟತೆಯನ್ನು ಎಂಪಿ3 ಆ ದರದಲ್ಲಿ ಕೊಡಲಾರದು. ಎರಡು ಚಾನೆಲ್ ಸಂಗೀತಕ್ಕೆ 128ರಲ್ಲಿ ಹೆಚ್ಚಿನ ಕೇಳುಗರಿಗೆ ಮೂಲಕ್ಕೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ವಿಳಂಬವೂ ಬಹಳ ಕಡಿಮೆ. ಬ್ರೌಸರಿನಲ್ಲಿ ನಡೆಯುವ ನೇರ ಸಂಭಾಷಣೆಗಳಿಗೆ ಇದನ್ನು ಕಡ್ಡಾಯ ಮಾಡಿರುವುದು ಅದಕ್ಕಾಗಿಯೇ. ಹಳೆಯ ಕಾರು, ಹಳೆಯ ಪ್ಲೇಯರುಗಳಲ್ಲಿ ನುಡಿಯದಿರಬಹುದೆಂಬುದೊಂದೇ ಕೊರತೆ.

ಯಾವುದನ್ನೇ ಆರಿಸಿದರೂ, ಎನ್‌ಕೋಡ್ ಮಾಡುವ ಮೊದಲು ಗರಿಷ್ಠ ಮಟ್ಟವನ್ನು ಒಂದು ಡೆಸಿಬೆಲ್‌ನಷ್ಟು ತಗ್ಗಿಸಿ. ಬಿಟ್ಟು ಬರೆದ ಅಲೆ ಮೂಲಕ್ಕಿಂತ ಕೊಂಚ ಎತ್ತರಕ್ಕೆ ಜಿಗಿಯಬಹುದು, ಜಾಗವಿಲ್ಲದಿದ್ದರೆ ಧ್ವನಿ ಒಡೆಯುತ್ತದೆ.

ಹೆಸರು ನೋಡಿ ಮೋಸಹೋಗಬೇಡಿ

ಫೈಲಿನ ಹೆಸರಿನ ಕೊನೆಯ ಅಕ್ಷರಗಳು ಡಬ್ಬಿಯ ಮೇಲಿನ ಚೀಟಿಯಿದ್ದಂತೆ. ಒಳಗೇನಿದೆ ಎಂಬುದಕ್ಕೆ ಅದು ಪೂರ್ತಿ ಸಾಕ್ಷಿಯಲ್ಲ. ಎಂ4ಎ ಎಂಬ ಫೈಲಿನೊಳಗೆ ಕೆಲವನ್ನು ಬಿಟ್ಟ ಎಎಸಿಯೂ ಇರಬಹುದು, ಏನೂ ಬಿಡದ ಎಎಲ್ಎಸಿಯೂ ಇರಬಹುದು. ಆಗ್ (ogg) ಎಂಬುದರಲ್ಲಿ ಎಂಪಿ3ಯಂತೆ ಕೆಲವನ್ನು ಬಿಡುವ ವೋರ್ಬಿಸ್, ಓಪಸ್, ಫ್ಲ್ಯಾಕ್ ಯಾವುದೂ ಇರಬಹುದು. ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಎಂಪಿ3ಯನ್ನು ಫ್ಲ್ಯಾಕ್ ಆಗಿ ಪರಿವರ್ತಿಸಿದರೂ ಕಳೆದದ್ದು ಮರಳುವುದಿಲ್ಲ, ಫೈಲ್ ಮಾತ್ರ ದಪ್ಪವಾಗುತ್ತದೆ. ಅಂತಹ ಫೈಲನ್ನು ಸ್ಪೆಕ್ಟ್ರೋಗ್ರಾಮಿನಲ್ಲಿ, ಅಂದರೆ ಕಂಪನಾಂಕಗಳನ್ನು ಚಿತ್ರವಾಗಿ ತೋರಿಸುವ ನೋಟದಲ್ಲಿ, ತೆರೆದು ನೋಡಿ: 128 ಕಿಲೊಬಿಟ್ ಎಂಪಿ3ಯಿಂದ ಬಂದದ್ದಾದರೆ ಸುಮಾರು 16,000 ಹರ್ಟ್ಸ್‌ನ ಬಳಿ ಚಾಕುವಿನಿಂದ ಕತ್ತರಿಸಿದ ಹಾಗೆ ಮೇಲಿನ ಭಾಗವೆಲ್ಲ ಖಾಲಿಯಿರುತ್ತದೆ. ಹಳೆಯ ಟೇಪಿನ ಧ್ವನಿಯಲ್ಲೂ ಮೇಲಿನ ಭಾಗ ಕಡಿಮೆಯಿರುತ್ತದೆ. ಅದು ಮೆಲ್ಲಗೆ ಮಸುಕಾಗುತ್ತದೆ, ಹೀಗೆ ಗೆರೆ ಎಳೆದಂತೆ ನಿಲ್ಲುವುದಿಲ್ಲ.

ಎಂಪಿ3ಯನ್ನು ಎಎಸಿಗೆ, ಅದನ್ನು ಮತ್ತೆ ಓಪಸ್‌ಗೆ ಎಂದು ಸರಪಳಿ ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಕಳೆಯುತ್ತದೆ. ಸಂದೇಶದ ಆ್ಯಪ್‌ಗಳಲ್ಲಿ ಧ್ವನಿಯನ್ನು ಕಳುಹಿಸಿದಾಗ ಇದು ನಮಗೆ ತಿಳಿಯದೆಯೇ ನಡೆಯಬಹುದು. ಮೂಲವನ್ನು ಕಳುಹಿಸಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳುಹಿಸಿ. ಬ್ಲೂಟೂತ್ ಹೆಡ್‌ಫೋನ್ ಕೂಡ ಧ್ವನಿಯನ್ನು ಸಾಮಾನ್ಯವಾಗಿ ಮತ್ತೊಮ್ಮೆ ಕುಗ್ಗಿಸಿಯೇ ಸಾಗಿಸುತ್ತದೆ. ಹಾಗಾಗಿ ಎರಡು ಫಾರ್ಮ್ಯಾಟ್‌ಗಳನ್ನು ಕಿವಿಯಿಂದ ಹೋಲಿಸುವಾಗ ತಂತಿಯ ಹೆಡ್‌ಫೋನನ್ನೇ ಬಳಸಿ. ಎರಡರ ಧ್ವನಿಮಟ್ಟವನ್ನೂ ಸಮ ಮಾಡಿ, ಯಾವುದು ಯಾವುದೆಂದು ನಿಮಗೆ ಕಾಣದಂತೆ ಬೇರೊಬ್ಬರಿಂದ ನುಡಿಸಿ ಕೇಳಿ. ಒಂದು ತುಸು ಜೋರಾಗಿದ್ದರೂ ಅದೇ ಚೆನ್ನಾಗಿದೆ ಎಂದು ಮನಸ್ಸು ಒಪ್ಪಿಬಿಡುತ್ತದೆ.

ಮಿಡಿ ಫೈಲನ್ನು ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದರಲ್ಲಿ ಧ್ವನಿಯೇ ಇಲ್ಲ. ಯಾವ ಸ್ವರ, ಎಷ್ಟು ಬಲ, ಎಷ್ಟು ಹೊತ್ತು ಎಂಬ ಸೂಚನೆಗಳಿವೆ. 1983ರಿಂದ ಬಳಕೆಯಲ್ಲಿರುವ ಈ ಪದ್ಧತಿ ಸಂಯೋಜಕರಿಗೆ ಬಹಳ ಉಪಯುಕ್ತ, ಆದರೆ ಮನುಷ್ಯರ ದನಿಯನ್ನು ಇದರಲ್ಲಿ ಇಡಲಾಗದು.

ಕೆಲಸಕ್ಕೆ ತಕ್ಕ ಆಯ್ಕೆ

ಸಂದರ್ಶನ ಅಥವಾ ಹಿರಿಯರ ನೆನಪುಗಳನ್ನು ಮುದ್ರಿಸುವವರು 48,000 ಹರ್ಟ್ಸ್, 24 ಬಿಟ್, ಮೋನೊ ವೇವ್ ಇಟ್ಟುಕೊಳ್ಳಿ. ಮನೆಗೆ ಬಂದು ಅದನ್ನು ಫ್ಲ್ಯಾಕ್ ಮಾಡಿ ಕಾಪಿಡಿ, ಕುಟುಂಬದವರಿಗೆ ಎಂಪಿ3 ಕೊಡಿ. ಮುಂದೆ ಯಾರಾದರೂ ಗದ್ದಲ ತೆಗೆದು ಸ್ವಚ್ಛಗೊಳಿಸಬೇಕೆಂದರೆ ಕೆಲಸಕ್ಕೆ ಬರುವುದು ಆ ಫ್ಲ್ಯಾಕ್. ಎಂಪಿ3ಯ ಗದ್ದಲವನ್ನು ತೆಗೆಯಲು ಹೊರಟರೆ ಮುಚ್ಚಿಟ್ಟಿದ್ದ ಒರಟುಗಳೆಲ್ಲ ಎದ್ದು ಕಾಣುತ್ತವೆ. ಪಾಡ್‌ಕಾಸ್ಟ್ ಮಾಡುವವರೂ ತಿದ್ದಿ ಮುಗಿಸುವವರೆಗೆ ವೇವ್‌ನಲ್ಲೇ ಇರಲಿ, ಪ್ರಕಟಿಸುವಾಗ ಒಂದೇ ಸಲ ಮೋನೊ 96 ಕಿಲೊಬಿಟ್ ಎಂಪಿ3 ಮಾಡಿದರೆ ಮಾತಿಗೆ ಸಾಕು.

ಸಿ.ಡಿ. ಸಂಗ್ರಹವಿದ್ದರೆ 44,100, 16 ಬಿಟ್ ಫ್ಲ್ಯಾಕ್ ಆಗಿ ತೆಗೆದಿಡಿ; 24 ಬಿಟ್‌ಗೆ ಏರಿಸುವುದರಲ್ಲಿ ಅರ್ಥವಿಲ್ಲ. ಮೊಬೈಲಿಗೆ ಬೇಕಾದಾಗ ಅದರಿಂದ ಓಪಸ್ ಮಾಡಿಕೊಳ್ಳಿ. ನಾಳೆ ಕುಗ್ಗಿಸುವ ಇನ್ನೊಂದು ಉತ್ತಮ ವಿಧಾನ ಬಂದರೆ ಮತ್ತೆ ಮೂಲದಿಂದಲೇ ಮಾಡಿಕೊಳ್ಳಬಹುದು.

ಆಟ ಅಥವಾ ಆ್ಯಪ್‌ಗೆ ಸುತ್ತಿ ಸುತ್ತಿ ನುಡಿಯುವ ಸಂಗೀತ ಬೇಕಿದ್ದರೆ ಎಂಪಿ3 ಬೇಡ. ಎನ್‌ಕೋಡರ್ ಮೊದಲಲ್ಲೂ ಕೊನೆಯಲ್ಲೂ ಒಂದಿಷ್ಟು ಮೌನ ಸೇರಿಸುವುದರಿಂದ ಪ್ರತಿ ಸುತ್ತಿಗೂ ಸಣ್ಣ ತಡೆ ಕೇಳುತ್ತದೆ. ಚಿಕ್ಕ ಸದ್ದುಗಳಿಗೆ ವೇವ್, ಉದ್ದದ ಹಿನ್ನೆಲೆ ಸಂಗೀತಕ್ಕೆ ವೋರ್ಬಿಸ್ ಅಥವಾ ಓಪಸ್ ಬಳಸಿ.

ಹಳೆಯ ಕ್ಯಾಸೆಟ್, ಟೇಪುಗಳನ್ನು ಡಿಜಿಟಲ್ ಮಾಡುವವರಿಗೆ ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿಯಿದೆ: ಕನಿಷ್ಠ 48,000 ಹರ್ಟ್ಸ್, 24 ಬಿಟ್. ಟೇಪ್ ಪ್ರತಿ ವರ್ಷ ಸವೆಯುತ್ತದೆ, ಅದನ್ನು ನುಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ. ಇನ್ನೊಂದು ಅವಕಾಶ ಸಿಗದಿರಬಹುದಾದ್ದರಿಂದ ಇಲ್ಲಿ ಜಾಗದ ಲೆಕ್ಕ ಹಾಕದೆ 96,000 ಇಟ್ಟರೂ ನಾನು ಬೇಡವೆನ್ನುವುದಿಲ್ಲ. ಗದ್ದಲ ತೆಗೆಯುವ ಕೆಲಸವನ್ನು ನಕಲಿನ ಮೇಲೆ ಮಾಡಿ, ಮೊದಲು ಇಳಿಸಿಕೊಂಡದ್ದನ್ನು ಮುಟ್ಟಬೇಡಿ. ಅದನ್ನು ಫ್ಲ್ಯಾಕ್ ಆಗಿಸಿದಾಗ ಮೂಲ ಧ್ವನಿಯ ಎಂಡಿ5 ಗುರುತು (ಎಲ್ಲ ಸ್ಯಾಂಪಲ್‌ಗಳಿಂದ ಲೆಕ್ಕ ಹಾಕಿದ ಪುಟ್ಟ ಸಂಕೇತ) ಫೈಲಿನ ಒಳಗೇ ಸೇರಿಕೊಂಡಿರುತ್ತದೆ. ಎರಡು ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟು, ವರ್ಷಕ್ಕೊಮ್ಮೆ ಫ್ಲ್ಯಾಕ್‌ನ ಪರೀಕ್ಷೆಯ ಆಜ್ಞೆಯನ್ನು ಓಡಿಸಿ. ಅದು ಪೂರ್ತಿ ಫೈಲನ್ನು ಬಿಡಿಸಿ, ಬಂದ ಸಂಖ್ಯೆಗಳನ್ನು ಆ ಗುರುತಿನೊಂದಿಗೆ ತಾಳೆ ನೋಡುತ್ತದೆ. ಒಂದೇ ಒಂದು ಸ್ಯಾಂಪಲ್ ಬದಲಾಗಿದ್ದರೂ ತಿಳಿಸುತ್ತದೆ; ಆಗ ಇನ್ನೊಂದು ಡಿಸ್ಕಿನ ಪ್ರತಿಯಿಂದ ಅದನ್ನು ಬದಲಿಸಿಕೊಳ್ಳಬಹುದು.